ಅಡುಗೆಮನೆಯ ಕೆಂಪು ಸಿಲಿಂಡರು

ಹೊಸ ಮನೆಯನ್ನು ಮಂತ್ರಿಸಲು ಕರೆದಾಗ ನಾನು ಕಟ್ಟಕಡೆಗೆ ಪ್ರವೇಶಿಸುವುದು ಅಡುಗೆಮನೆಯನ್ನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಗುರುವಾಗಿ ಓಡಾಡಿದ ವರ್ಷಗಳಲ್ಲಿ ಎಷ್ಟು ಅಡುಗೆಮನೆಗಳಿಗೆ ತೀರ್ಥ ಚಿಮುಕಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಮನೆಯ ಯಜಮಾನರು ನಡುಮನೆಯನ್ನೂ ಮಹಡಿಯನ್ನೂ ಉತ್ಸಾಹದಿಂದ ತೋರಿಸುತ್ತಾರೆ. ಅಡುಗೆಮನೆಯ ಬಾಗಿಲಿಗೆ ಬಂದಾಗ ಮಾತ್ರ ಅವರು ಹಿಂದೆ ಸರಿಯುತ್ತಾರೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮನೆಯಾಕೆ ಮುಂದೆ ಬರುತ್ತಾರೆ. “ಇಲ್ಲೆಲ್ಲ ಹರಡಿಕೊಂಡಿದೆ, ಸ್ವಾಮಿ” ಎಂದು ಸಂಕೋಚಪಡುತ್ತಾರೆ. ನಾನು ಒಲೆಗೂ ನೀರಿನ ಬಿಂದಿಗೆಗೂ ತೀರ್ಥ ಚಿಮುಕಿಸಿ, ಪ್ರಾರ್ಥನೆ ಮುಗಿಸಿ, ಕಾಫಿ ಕುಡಿದು ಹೊರಡುತ್ತಿದ್ದೆ. ಅಷ್ಟಕ್ಕೆ ನನ್ನ ಕರ್ತವ್ಯ ಮುಗಿಯಿತೆಂದು ಬಹುಕಾಲ ಭಾವಿಸಿದ್ದೆ.

ಈಗ ಹಾಗಲ್ಲ. ಪ್ರಾರ್ಥನೆ ಮುಗಿದ ಮೇಲೆ ಆ ಮನೆಯಾಕೆಯನ್ನು ಎರಡು ಪ್ರಶ್ನೆ ಕೇಳುತ್ತೇನೆ. “ದೊಡ್ಡ ಬಾಣಲೆಗೆ ಸರಿಹೊಂದುವ ಮುಚ್ಚಳ ಎಲ್ಲಿದೆ, ಅಮ್ಮ?” ಎಂಬುದು ಮೊದಲನೆಯದು. “ಬೆಂಕಿ ಆರಿಸುವ ಸಿಲಿಂಡರನ್ನು ಕೊಳ್ಳುವುದಾದರೆ ಅದನ್ನು ಎತ್ತಿ ನೋಡಿದವರು ಯಾರು?” ಎಂಬುದು ಎರಡನೆಯದು. ಕೆಲವರು ನಗುತ್ತಾರೆ. ಸ್ವಾಮಿಗಳಿಗೆ ವಯಸ್ಸಾಯಿತೆಂದು ಕೆಲವರು ಅಂದುಕೊಳ್ಳಲೂಬಹುದು. ಈ ಪ್ರಶ್ನೆಗಳು ನನಗೆ ಎಲ್ಲಿಂದ ಬಂದವೆಂಬುದನ್ನು ಹೇಳಲು ಬಹಳ ದಿನಗಳಿಂದ ಹಿಂಜರಿದಿದ್ದೇನೆ. ಏಕೆಂದರೆ ಅದನ್ನು ಹೇಳಬೇಕಾದರೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

2016ರ ಕ್ರಿಸ್ಮಸ್‌ಗೆ ಎರಡು ದಿನ ಉಳಿದಿತ್ತು. ಗುರುಮನೆಯಲ್ಲಿ ಅಡುಗೆ ಮಾಡುತ್ತಿದ್ದ ಅಮ್ಮನವರು ಕಜ್ಜಾಯ ಮತ್ತು ಚಕ್ಕುಲಿ ಕರಿಯುತ್ತಿದ್ದರು. ಗೋದಲಿ ಕಟ್ಟುತ್ತಿದ್ದ ಹುಡುಗರಿಗೆ ಅವರು ಪ್ರತಿವರ್ಷ ತಪ್ಪದೆ ಮಾಡಿಕೊಡುತ್ತಿದ್ದ ತಿಂಡಿ ಅದು. ದೊಡ್ಡ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ನನ್ನನ್ನು ಕೇಳಿಕೊಂಡು ಬಂದರು. ನಾನು ದೇವಾಲಯದ ಕಡೆ ಇದ್ದೆ. ಅಮ್ಮನವರು ಒಲೆಯನ್ನು ಹಾಗೆಯೇ ಬಿಟ್ಟು, ಬಂದವರಿಗೆ ಕುಳ್ಳಿರಲು ಹೇಳಿ, ನನ್ನನ್ನು ಕರೆಯಲು ಅಂಗಳ ದಾಟಿ ಬಂದರು. ನಾವು ಮರಳುವ ಹೊತ್ತಿಗೆ ಅಡುಗೆಮನೆಯಲ್ಲಿ ನೀಲಿ ಹೊಗೆ ತುಂಬಿತ್ತು. ಬಾಗಿಲು ತಳ್ಳಿದಾಗ ಎಣ್ಣೆ ಭುಗಿಲೆಂದು ಹತ್ತಿಕೊಂಡಿತು.

ನಮ್ಮಲ್ಲಿ ಬೆಂಕಿ ಆರಿಸುವ ಸಿಲಿಂಡರು ಇತ್ತು. ನಾನೇ ತಂದು ಕಚೇರಿಯ ಗೋಡೆಗೆ ಹಾಕಿಸಿದ್ದೆ. ಅದರತ್ತ ಓಡಿದೆ. ಸುರಕ್ಷತಾ ಪಿನ್ನಿಗೆ ತುಕ್ಕು ಹಿಡಿದಿತ್ತು. ಎಳೆದು ಕೀಳುವುದರಲ್ಲಿ ಬೆರಳು ಕಿತ್ತುಬಂತು. ಅಡುಗೆಮನೆಗೆ ತಂದು ಹಿಡಿಯನ್ನು ಅದುಮಿದೆ. ಬಾಯಿಂದ ಊದಿದಷ್ಟು ಬಿಳಿಯ ಪುಡಿ ಬಂದು ನಿಂತುಹೋಯಿತು. ಒತ್ತಡ ತೋರಿಸುವ ಮುಳ್ಳು ಯಾವಾಗಲೋ ಕೆಂಪು ಭಾಗಕ್ಕೆ ಇಳಿದಿತ್ತು. ನಾನು ನೋಡಿಯೇ ಇರಲಿಲ್ಲ. ಆ ಗಡಿಬಿಡಿಯಲ್ಲಿ ಗೋದಲಿಯ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಒಂದು ಚೊಂಬು ನೀರನ್ನು ಬಾಣಲೆಗೆ ಎರಚಿದ. ಜ್ವಾಲೆ ಸೂರಿನವರೆಗೆ ಎದ್ದಿತು. ಎಣ್ಣೆ ಸಿಡಿದು ಅಮ್ಮನವರ ಬಲಗೈ ಮೊಣಕೈಯವರೆಗೆ ಸುಟ್ಟಿತು.

ಬೆಂಕಿಯನ್ನು ಆರಿಸಿದವರೂ ಅವರೇ. ಗೋಡೆಗೆ ಒರಗಿಸಿಟ್ಟಿದ್ದ ಅನ್ನದ ತಪ್ಪಲೆಯ ಮುಚ್ಚಳವನ್ನು ಎಡಗೈಯಲ್ಲಿ ಎತ್ತಿ, ತಮ್ಮ ಮುಖಕ್ಕೆ ಅಡ್ಡವಾಗಿ ಹಿಡಿದು, ಬಾಣಲೆಯ ಮೇಲೆ ಜಾರಿಸಿ ಮುಚ್ಚಿದರು. ಒಲೆಯ ತಿರುಗಣೆಯನ್ನು ಆಫ್ ಮಾಡಿದರು. ಬೆಂಕಿ ಉಸಿರುಕಟ್ಟಿ ನಂದಿತು. ನಾನು ಆ ಖಾಲಿ ಸಿಲಿಂಡರನ್ನು ಹಿಡಿದುಕೊಂಡು ನಿಂತಿದ್ದೆ.

ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿಸಿಕೊಂಡು ಕುಳಿತಿದ್ದಾಗ ಅವರು ಒಂದು ಮಾತು ಹೇಳಿದರು. ದೂರುವ ದನಿಯೇ ಇರಲಿಲ್ಲ. “ಆ ಕೆಂಪು ಡಬ್ಬಿ ಯಾಕಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ, ಸ್ವಾಮಿ. ಆರು ವರ್ಷದಿಂದ ಧೂಳು ಒರೆಸಿಕೊಂಡು ಬಂದಿದ್ದೀನಿ, ಅಷ್ಟೆ.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆರು ವರ್ಷಗಳ ಹಿಂದೆ ಆ ಸಿಲಿಂಡರನ್ನು ಏಕೆ ತಂದೆನೆಂಬುದು ನೆನಪಾಯಿತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ತೀರಿಕೊಂಡರು. ಆ ದುರಂತದ ಬೆನ್ನಿಗೆ ಹೂಡಲಾದ ಮೊಕದ್ದಮೆಯಲ್ಲಿ 2009ರ ಏಪ್ರಿಲ್ 13ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನಗಳಿರಬೇಕು, ಅವುಗಳನ್ನು ಬಳಸುವ ತರಬೇತಿ ಸಿಬ್ಬಂದಿಗೆ ಆಗಬೇಕು ಎಂಬುದು ಅದರ ತಾತ್ಪರ್ಯ. ಆಗ ನಾನು ನಮ್ಮ ಧರ್ಮಕೇಂದ್ರದ ಪುಟ್ಟ ಶಾಲೆಗೆ ಕೆಲವು ಸಿಲಿಂಡರುಗಳನ್ನು ಕೊಂಡು, ಅವುಗಳ ಜೊತೆಗೆ ಗುರುಮನೆಗೂ ಒಂದನ್ನು ತಂದಿದ್ದೆ. ರಶೀದಿಯನ್ನು ಕಡತದಲ್ಲಿ ಜೋಪಾನವಾಗಿ ಇರಿಸಿದೆ. ಸಾಧನ ಇರಬೇಕು ಎಂಬ ಅರ್ಧ ಮಾತನ್ನು ಪಾಲಿಸಿದೆ. ಬಳಸುವವರಿಗೆ ಕಲಿಸಬೇಕು ಎಂಬ ಇನ್ನರ್ಧವನ್ನು ಮರೆತೆ. ಸಿಲಿಂಡರನ್ನು ನಾನು ತಂದದ್ದು ಕಡತಕ್ಕೆ; ಅಡುಗೆ ಮಾಡುವ ಅಮ್ಮನವರಿಗಾಗಿ ಅಲ್ಲ.

ಹೊಸ ವರ್ಷ ಕಳೆದ ಮೇಲೆ ಹಾಸನದ ಅಗ್ನಿಶಾಮಕ ಠಾಣೆಗೆ ಹೋದೆ. ಅಡುಗೆಮನೆಗೆ ಎಂತಹ ಸಿಲಿಂಡರು ಒಳ್ಳೆಯದೆಂದು ಅಲ್ಲಿದ್ದ ಹಿರಿಯ ಸಿಬ್ಬಂದಿಯೊಬ್ಬರನ್ನು ಕೇಳಿದೆ. ಅವರು ಉತ್ತರಿಸುವ ಬದಲು ನನ್ನನ್ನೇ ಕೇಳಿದರು: “ಅಡುಗೆ ಮಾಡುವವರು ಯಾರು, ಫಾದರ್?” ಅಮ್ಮನವರ ವಿಷಯ ಹೇಳಿದೆ. “ಹಾಗಾದರೆ ಅವರು ಬರಬೇಕಿತ್ತಲ್ಲ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕೈ ವಾಸಿಯಾದ ಮೇಲೆ ಅಮ್ಮನವರನ್ನು ಕರೆದುಕೊಂಡು ಮತ್ತೆ ಹೋದೆ. ಸಿಲಿಂಡರಿನ ಆಯ್ಕೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅಂದು ಕಲಿತದ್ದು, ಉಳಿದದ್ದು ಆ ಮೇಲೆ ಓದಿ ತಿಳಿದದ್ದು.

ಮೊದಲು ಅವರು ಅಂಗಳದ ಮೂಲೆಯಲ್ಲಿ ಒಂದು ಸಣ್ಣ ಕಬ್ಬಿಣದ ಪಾತ್ರೆಯಲ್ಲಿ ಎಣ್ಣೆ ಹತ್ತಿಸಿದರು. ಉದ್ದ ಕೋಲಿನ ತುದಿಗೆ ಕಟ್ಟಿದ ಲೋಟದಿಂದ ಅದಕ್ಕೆ ಸ್ವಲ್ಪವೇ ನೀರು ಸುರಿದರು. ಆಳುದ್ದದ ಜ್ವಾಲೆ ಎದ್ದಿತು. ಅಮ್ಮನವರು ನನ್ನ ಹಿಂದೆ ಸರಿದು ನಿಂತರು. ನೀರು ಎಣ್ಣೆಗಿಂತ ಭಾರ. ಅದು ತಳಕ್ಕೆ ಇಳಿಯುತ್ತದೆ. ಕುದಿಯುವ ಎಣ್ಣೆಯ ಬಿಸಿಗೆ ಕ್ಷಣಮಾತ್ರದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಆವಿ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಗಾಳಿಗೆ ಎಸೆಯುತ್ತದೆ. ನಮ್ಮ ಅಡುಗೆಮನೆಯಲ್ಲಿ ನಡೆದದ್ದೂ ಅದೇ.

ಎಣ್ಣೆ ಒಮ್ಮೆಲೇ ಹತ್ತಿಕೊಳ್ಳುವುದಿಲ್ಲ ಎಂಬುದನ್ನೂ ಅಲ್ಲಿಯೇ ತಿಳಿದೆ. ನಾವು ಕರಿಯುವುದು 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕಿಡಿ ತಾಕದೆಯೇ ಎಣ್ಣೆ ತಾನಾಗಿ ಉರಿಯತೊಡಗುವುದು ಸುಮಾರು 350 ಡಿಗ್ರಿಯ ಹತ್ತಿರ. ನಡುವೆ ಅದು ಹೊಗೆಯಾಡಿ ನಮ್ಮನ್ನು ಎಚ್ಚರಿಸುತ್ತದೆ. ಹೊಗೆ ಕಂಡಾಗ ಒಲೆ ಆರಿಸಿದರೆ ಯಾವ ಸಿಲಿಂಡರೂ ಬೇಕಾಗುವುದಿಲ್ಲ. ಹತ್ತಿಕೊಂಡಿತೇ? ಒಲೆಯನ್ನು ಆರಿಸಿ, ಮುಚ್ಚಳವನ್ನು ಬದಿಯಿಂದ ಜಾರಿಸಿ ಮುಚ್ಚಬೇಕು. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಬಾರದು. ನಡೆಯುವವರ ಮೈಮೇಲೆಯೇ ಎಣ್ಣೆ ತುಳುಕುತ್ತದೆ. ಪೂರ್ತಿ ತಣಿಯುವವರೆಗೆ ಮುಚ್ಚಳ ತೆಗೆಯಬಾರದು. ಬಿಸಿ ಎಣ್ಣೆಗೆ ಗಾಳಿ ಸಿಕ್ಕಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಮೈದಾ ಅಥವಾ ಅಕ್ಕಿಹಿಟ್ಟನ್ನು ಎರಚಲೇಬಾರದು; ಹಿಟ್ಟಿನ ಧೂಳು ತಾನೇ ಉರಿಯುವ ವಸ್ತು. ಹೀಗೆ ನೋಡಿದರೆ ಅಡುಗೆಮನೆಯ ಮೊದಲ ರಕ್ಷಣೆ ಒಂದು ತಗಡಿನ ಮುಚ್ಚಳ. ಅಮ್ಮನವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮುಚ್ಚಳದಿಂದ ತೀರದ ಬೆಂಕಿಗೆ ಸಿಲಿಂಡರು ಬೇಕು. ಆಯ್ಕೆ ಮಾಡುವ ಮುನ್ನ ಬೆಂಕಿಯ ಜಾತಿಯನ್ನು ತಿಳಿಯಬೇಕು. ನಮ್ಮ ದೇಶದ ವಿಂಗಡಣೆಯಲ್ಲಿ ಕಟ್ಟಿಗೆ, ಬಟ್ಟೆ, ಕಾಗದದಂತಹವು ಉರಿದರೆ ಅದು ‘ಎ’ ವರ್ಗ. ಪೆಟ್ರೋಲು, ಸೀಮೆಎಣ್ಣೆಯಂತಹ ದ್ರವಗಳದು ‘ಬಿ’. ಅಡುಗೆ ಅನಿಲದಂತಹವುಗಳದು ‘ಸಿ’. ಬಾಣಲೆಯ ಎಣ್ಣೆಯ ಬೆಂಕಿಯ ಸ್ವಭಾವವೇ ಬೇರೆ. ಅದನ್ನು ಯುರೋಪಿನಲ್ಲಿ ‘ಎಫ್’ ಎಂದೂ ಅಮೆರಿಕದಲ್ಲಿ ‘ಕೆ’ ಎಂದೂ ಪ್ರತ್ಯೇಕ ವರ್ಗದಲ್ಲಿಡುತ್ತಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ‘ಎಬಿಸಿ’ ಸಿಲಿಂಡರಿನೊಳಗೆ ಇರುವುದು ಮುಖ್ಯವಾಗಿ ಮಾನೋ ಅಮೋನಿಯಂ ಫಾಸ್ಫೇಟ್ ಎಂಬ ಪುಡಿ. ಪರದೆ, ಕಪಾಟು, ವೈರು, ಸೋರಿದ ಸೀಮೆಎಣ್ಣೆ ಇವುಗಳ ಬೆಂಕಿಗೆ ಅದು ಒಳ್ಳೆಯದು. ಒಂದು ಸಾಮಾನ್ಯ ಮನೆಗೆ ಒಂದೇ ಸಿಲಿಂಡರು ಎಂದಾದರೆ ಇದನ್ನೇ ಆರಿಸುವುದು ವಾಡಿಕೆ.

ಆಗ ಅಮ್ಮನವರು ನನಗೆ ಹೊಳೆಯದಿದ್ದ ಪ್ರಶ್ನೆಯೊಂದನ್ನು ಕೇಳಿದರು. “ಅಷ್ಟು ಜೋರಾಗಿ ಪುಡಿ ಹೊಡೆದರೆ ಬಾಣಲೆಯ ಎಣ್ಣೆ ಚಿಮ್ಮುವುದಿಲ್ಲವೇ?” ಠಾಣೆಯವರ ಮುಖ ಅರಳಿತು. ಹತ್ತಿರ ನಿಂತು ಹೊಡೆದರೆ ಚಿಮ್ಮುತ್ತದೆ. ಆದ್ದರಿಂದ ಎರಡು ಮೀಟರಿನಷ್ಟು ದೂರ ನಿಲ್ಲಬೇಕು ಎಂದರು. ಇನ್ನೊಂದು ಕೊರತೆಯನ್ನೂ ಹೇಳಿದರು. ಈ ಪುಡಿ ಜ್ವಾಲೆಯನ್ನು ನಂದಿಸುತ್ತದೆಯೇ ಹೊರತು ಎಣ್ಣೆಯನ್ನು ತಣಿಸುವುದಿಲ್ಲ. ಒಲೆ ಉರಿಯುತ್ತಲೇ ಇದ್ದರೆ ಎಣ್ಣೆ ಮರಳಿ ಹತ್ತಿಕೊಳ್ಳಬಹುದು. ಇಂಗಾಲದ ಡೈಆಕ್ಸೈಡಿನ ಸಿಲಿಂಡರಿಗೂ ಇದೇ ದೋಷವಿದೆ. ಅದರ ರಭಸಕ್ಕೆ ಎಣ್ಣೆ ಹೊರಚೆಲ್ಲುವ ಅಪಾಯ ಬೇರೆ. ಅದು ವಿದ್ಯುತ್ ಫಲಕಗಳ ಬಳಿ ಇರಲು ಯೋಗ್ಯ, ಬಾಣಲೆಯ ಬಳಿಯಲ್ಲ.

ಎಣ್ಣೆಗೆಂದೇ ಮಾಡಿದ ಸಿಲಿಂಡರಿನಲ್ಲಿ ಪೊಟ್ಯಾಸಿಯಂ ಲವಣದ ದ್ರಾವಣವಿರುತ್ತದೆ. ಅದನ್ನು ‘ವೆಟ್ ಕೆಮಿಕಲ್’ ಎಂದು ಕರೆಯುತ್ತಾರೆ. ಉದ್ದ ಕೊಳವೆಯ ತುದಿಯಿಂದ ಅದು ಮೆಲ್ಲಗೆ ತುಂತುರಾಗಿ ಬೀಳುತ್ತದೆ. ಬಿಸಿ ಎಣ್ಣೆಯೊಡನೆ ಸೇರಿ ಮೇಲ್ಪದರವನ್ನು ಸಾಬೂನಿನ ನೊರೆಯನ್ನಾಗಿ ಮಾಡುತ್ತದೆ. ಆ ನೊರೆ ಗಾಳಿಯನ್ನು ತಡೆಯುತ್ತದೆ, ಎಣ್ಣೆಯನ್ನು ತಣಿಸುತ್ತದೆ. ಇದನ್ನು ಕೇಳಿದಾಗ ಅಮ್ಮನವರು, “ಜಿಡ್ಡಿನ ಪಾತ್ರೆಗೆ ಬೂದಿ ಹಾಕಿ ಉಜ್ಜಿದ ಹಾಗೆ” ಎಂದರು. ಅವರ ಮಾತು ಅಕ್ಷರಶಃ ಸರಿ. ಬೂದಿಯ ಕ್ಷಾರ ಜಿಡ್ಡನ್ನು ಸಾಬೂನಾಗಿಸಿ ತೊಳೆಯುತ್ತದೆ. 1818ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಲಿಯಂ ಮ್ಯಾನ್‌ಬಿ ಎಂಬ ಸೈನ್ಯಾಧಿಕಾರಿ ರೂಪಿಸಿದ, ಕೈಯಲ್ಲಿ ಹೊರಬಹುದಾದ ಬೆಂಕಿ ಆರಿಸುವ ತಾಮ್ರದ ಪಾತ್ರೆಯಲ್ಲಿ ಇದ್ದದ್ದೂ ಬೂದಿಯಿಂದ ತೆಗೆದ ಪೊಟ್ಯಾಸಿಯಂ ಕಾರ್ಬೊನೇಟಿನ ನೀರೇ. ನಮ್ಮ ಅಜ್ಜಿಯರ ಬಚ್ಚಲ ಮೂಲೆಯ ಬೂದಿಗೂ ಈ ಕೆಂಪು ಸಿಲಿಂಡರಿಗೂ ನೆಂಟಸ್ತಿಕೆ ಇದೆಯೆಂದು ನಾನು ಎಣಿಸಿರಲಿಲ್ಲ.

ಬಳಿಕ ತೂಕದ ಮಾತು ಬಂತು. ನಾನಾದರೆ ದೊಡ್ಡದೇ ಒಳ್ಳೆಯದೆಂದು ಆರು ಕಿಲೋದನ್ನೇ ಆರಿಸುತ್ತಿದ್ದೆ. ಅಮ್ಮನವರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಹೆಜ್ಜೆ ನಡೆದು, ಕೆಳಗಿಟ್ಟರು. ಸಿಲಿಂಡರಿನ ಮೇಲೆ ಬರೆದಿರುವ ತೂಕ ಒಳಗಿನ ಪುಡಿಯದು ಮಾತ್ರ. ಲೋಹದ ಭಾರ ಬೇರೆಯೇ ಸೇರುತ್ತದೆ. ನಾಲ್ಕು ಕಿಲೋದನ್ನೂ ಎತ್ತಿ ನೋಡಿ ತಲೆಯಾಡಿಸಿದರು. ಎರಡು ಕಿಲೋದನ್ನು ಎಡಗೈಯಲ್ಲಿ ಹಿಡಿದು, ಸುಟ್ಟು ಬಿಗಿದಿದ್ದ ಬಲಗೈಯಿಂದ ಪಿನ್ನನ್ನು ಎಳೆದು, ಹಿಡಿಯನ್ನು ಅದುಮಲು ಆಗುತ್ತದೆಯೇ ಎಂದು ಪರೀಕ್ಷಿಸಿದರು. “ಇದು ನನ್ನ ಕೈಗೆ ಬರುತ್ತದೆ” ಎಂದರು. ಅಡುಗೆಮನೆಗೆ ಸಿಲಿಂಡರನ್ನು ಆರಿಸುವುದೆಂದರೆ ಇಷ್ಟೇ ಎಂದು ನನಗೆ ಅಂದು ತಿಳಿಯಿತು. ಒಲೆಯ ಮುಂದೆ ನಿಲ್ಲುವವರ ಕೈಗೆ ಬರದ ಸಿಲಿಂಡರು ಎಷ್ಟು ದೊಡ್ಡದಾದರೂ, ಎಷ್ಟು ಬೆಲೆಯದಾದರೂ, ಗೋಡೆಯ ಅಲಂಕಾರ ಮಾತ್ರ.

ಬಳಸುವ ಕ್ರಮವೂ ಕಷ್ಟದ್ದಲ್ಲ. ಪಿನ್ನನ್ನು ಎಳೆಯಬೇಕು, ಕೊಳವೆಯ ಬಾಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಬೇಕು, ಹಿಡಿಯನ್ನು ಅದುಮಬೇಕು, ಆಚೆಯಿಂದ ಈಚೆಗೆ ಬೀಸಬೇಕು. ಸಣ್ಣ ಸಿಲಿಂಡರಿನ ಪುಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಮನೆ ಸುಟ್ಟರೆ ಕಟ್ಟಿಕೊಳ್ಳಬಹುದು. ಈ ಕಾರಣಕ್ಕೇ ಸಿಲಿಂಡರನ್ನು ಒಲೆಯ ಪಕ್ಕದಲ್ಲಿ ತೂಗುಹಾಕಬಾರದು. ಬೆಂಕಿಯನ್ನು ದಾಟಿ ಅದನ್ನು ತರುವುದು ಹೇಗೆ? ಹೊರಗೆ ಹೋಗುವ ಬಾಗಿಲ ಬಳಿ ಇರಬೇಕು. ಬೆನ್ನ ಹಿಂದೆ ಬಾಗಿಲು, ಮುಂದೆ ಬೆಂಕಿ; ಹಾಗೆ ನಿಲ್ಲುವುದೇ ಕ್ಷೇಮ.

ಈ ಪಾಠವನ್ನು ಕಲಿತ ಮೇಲೆ ನಮ್ಮ ಸೀಮೆಯ ಅಡುಗೆಮನೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಹಾಸನ ಪಟ್ಟಣದ ಹೊಸ ಮನೆಗಳಲ್ಲಿ ಅಡುಗೆಮನೆಗೂ ನಡುಮನೆಗೂ ಗೋಡೆಯೇ ಇರುವುದಿಲ್ಲ. ಮರದ ಹಲಗೆಯ ಕಪಾಟುಗಳು ಒಲೆಯ ಮೇಲೆಯೇ ಸಾಲಾಗಿರುತ್ತವೆ. ಅಲ್ಲಿ ಎರಡು ಕಿಲೋದ ಎಬಿಸಿ ಸಿಲಿಂಡರೂ, ಗಾಜಿನ ನಾರಿನಿಂದ ನೇಯ್ದ ಬೆಂಕಿ ಹೊದಿಕೆಯೂ ಇದ್ದರೆ ಸಾಕು. ಹೊದಿಕೆಯನ್ನು ಬಾಣಲೆಯ ಮೇಲೆ ಹಾಸಬಹುದು. ಸೀರೆಗೆ ಬೆಂಕಿ ಹತ್ತಿದವರಿಗೂ ಹೊದಿಸಬಹುದು. ಕೈಯಲ್ಲಿ ಬಲವಿಲ್ಲದ ವೃದ್ಧರಿಗೆ ಸಿಲಿಂಡರಿಗಿಂತ ಅದೇ ಸುಲಭ.

ಹೊಳೆನರಸೀಪುರದ ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆ ಹಿಂದುಗಡೆ, ಬೆಳಕು ಕಡಿಮೆ, ಬಾಗಿಲು ಒಂದೇ. ಸೂರಿನ ಮರದ ತೊಲೆಗಳು ಹಲವು ವರ್ಷಗಳ ಮಸಿ ಹಿಡಿದು ಒಣಗಿವೆ. ಅಲ್ಲಿ ಸಿಲಿಂಡರನ್ನು ಅಡುಗೆಮನೆಯ ಒಳಗಲ್ಲ, ಬಾಗಿಲ ಹೊರಮಗ್ಗುಲಿಗೆ ಹಾಕುವಂತೆ ಹೇಳುತ್ತೇನೆ.

ಅರಕಲಗೂಡಿನ ಕಡೆಯ ಹಳ್ಳಿಗಳ ಕಷ್ಟ ಬೇರೆ. ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಬ್ಯಾರನ್ನಿಗೆಂದು ತಂದ ಸೌದೆ ಅಡುಗೆಮನೆಯ ಗೋಡೆಯವರೆಗೂ ಒಟ್ಟಿರುತ್ತದೆ. ಒಳಗೆ ಸೌದೆ ಒಲೆಯೂ ಗ್ಯಾಸ್ ಒಲೆಯೂ ಅಕ್ಕಪಕ್ಕದಲ್ಲಿರುತ್ತವೆ. 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ ಎಷ್ಟೋ ಬಡ ಮನೆಗಳಿಗೆ ಅಡುಗೆ ಅನಿಲ ಬಂದು ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ತಪ್ಪಿತು. ಅದು ಸಣ್ಣ ಉಪಕಾರವಲ್ಲ. ಆದರೆ ಮುದ್ದೆಗೂ ಸ್ನಾನದ ನೀರಿಗೂ ಸೌದೆ ಒಲೆ ಉಳಿದೇ ಇದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೀರಿನಂತೆ ನೆಲದ ಮೇಲೆ ಹರಡುತ್ತದೆ. ನೆಲಮಟ್ಟದಲ್ಲಿರುವ ಸೌದೆ ಒಲೆಯ ಕೆಂಡವನ್ನು ಹುಡುಕಿಕೊಂಡು ಹೋಗುತ್ತದೆ. ಈ ಎರಡನ್ನೂ ಒಂದೇ ಕೋಣೆಯಲ್ಲಿ ಇಡದಿರುವುದೇ ಅಲ್ಲಿ ಮೊದಲ ಸಿಲಿಂಡರು. ಸೌದೆಯ ಬೆಂಕಿಗಾದರೆ ನೀರಿನ ಡ್ರಮ್ಮು, ಮರಳಿನ ಬಕೆಟ್ಟು ಇಂದಿಗೂ ಉತ್ತಮವೇ. ನೀರು ಕೆಟ್ಟದ್ದಲ್ಲ, ಎಣ್ಣೆಗೂ ವಿದ್ಯುತ್ತಿಗೂ ಮಾತ್ರ ಸಲ್ಲದು.

ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಗಳಲ್ಲಿ ತಲೆಯೆತ್ತಿ ನೋಡಬೇಕು. ಅಟ್ಟದ ಮೇಲೆ ಉಂಡೆ ಕೊಬ್ಬರಿಗೆಂದು ಕಾಯಿ ತಿಂಗಳುಗಟ್ಟಲೆ ಒಣಗುತ್ತಿರುತ್ತದೆ. ಹಿತ್ತಲಲ್ಲಿ ಮಟ್ಟೆ, ಗರಿ, ಚಿಪ್ಪಿನ ರಾಶಿ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುವುದರಿಂದ ಬೆಂಕಿ ಅಟ್ಟ ತಲುಪಿದರೆ ಎರಡು ಕಿಲೋದ ಪುಡಿ ಏನೂ ಮಾಡಲಾರದು. ಅಂತಹ ಮನೆಗೆ ಅಡುಗೆಯ ಅಮ್ಮನಿಗೊಂದು ಸಣ್ಣದು, ಎತ್ತಬಲ್ಲ ಮಗನಿಗೊಂದು ಆರು ಕಿಲೋದು, ಎರಡೂ ಬೇಕು. ಅಟ್ಟದ ಕೆಳಗೆ ಕರಿಯುವ ಒಲೆ ಇರದಿದ್ದರೆ ಇನ್ನೂ ಕ್ಷೇಮ. ಹಬ್ಬಕ್ಕೂ ಮದುವೆಗೂ ದೊಡ್ಡ ಬಾಣಲೆಗಳಲ್ಲಿ ಕರಿಯುವ ಧರ್ಮಕೇಂದ್ರದ ಸಭಾಂಗಣಗಳಿಗೆ ವೆಟ್ ಕೆಮಿಕಲ್ ಸಿಲಿಂಡರು ತರುವುದು ಉಚಿತ. ಬೆಲೆ ಹೆಚ್ಚು, ನಿಜ. ಒಂದು ಹಬ್ಬದ ಪಟಾಕಿಯ ಖರ್ಚನ್ನು ಉಳಿಸಿದರೆ ಆದೀತೆಂದು ನಾನು ನಮ್ಮ ಪಾಲನಾ ಮಂಡಳಿಗೆ ಹೇಳಿದ್ದುಂಟು.

ಅನಿಲದ ಬೆಂಕಿಯ ಬಗ್ಗೆ ಒಂದು ಮಾತನ್ನು ಎಲ್ಲರೂ ನೆನಪಿಡಬೇಕು. ರೆಗ್ಯುಲೇಟರನ್ನು ಮುಚ್ಚಲು ಸಾಧ್ಯವಿಲ್ಲದಿದ್ದರೆ ಅನಿಲದ ಜ್ವಾಲೆಯನ್ನು ಆರಿಸಲು ಹೋಗಬಾರದು. ಜ್ವಾಲೆ ಆರಿ ಅನಿಲ ಸೋರುತ್ತಲೇ ಇದ್ದರೆ ಕೋಣೆಯೆಲ್ಲ ತುಂಬಿಕೊಂಡು ಒಂದು ಕಿಡಿಗೆ ಸ್ಫೋಟಿಸುತ್ತದೆ. ಮೊದಲು ಅನಿಲ ನಿಲ್ಲಬೇಕು, ಆಮೇಲೆ ಬೆಂಕಿ. ಬರಿಯ ವಾಸನೆ ಬಂದರೆ ರೆಗ್ಯುಲೇಟರು ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಸಿಲಿಂಡರು ಯಾವಾಗಲೂ ನೇರವಾಗಿ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮ ಎಷ್ಟು ಮನೆಗಳಲ್ಲಿ ಆ ಪೈಪಿನ ಮೇಲೆ ಅಚ್ಚಾದ ವರ್ಷವನ್ನು ಓದಿದವರಿದ್ದಾರೆ?

ಕೊಳ್ಳುವಾಗ ಐಎಸ್‌ಐ ಗುರುತನ್ನೂ, ಅದರ ಜೊತೆಗಿರುವ ಐಎಸ್ 15683 ಎಂಬ ಸಂಖ್ಯೆಯನ್ನೂ ನೋಡಿ. ತಯಾರಾದ ವರ್ಷವನ್ನು ನೋಡಿ. ಮುಳ್ಳು ಹಸಿರು ಭಾಗದಲ್ಲಿರಬೇಕು. ಕೊಂಡ ಮೇಲೂ ಕೆಲಸ ಮುಗಿಯುವುದಿಲ್ಲ. ನಾನು ಎಡವಿದ್ದು ಇಲ್ಲಿಯೇ. ತಿಂಗಳಿಗೊಮ್ಮೆ ಮುಳ್ಳನ್ನೂ ಪಿನ್ನನ್ನೂ ನೋಡಬೇಕು. ಪುಡಿ ತಳದಲ್ಲಿ ಗಟ್ಟಿಯಾಗದಂತೆ ಆಗಾಗ ಸಿಲಿಂಡರನ್ನು ತಲೆಕೆಳಗು ಮಾಡಿ ಅಲುಗಿಸಬೇಕು. ಲೇಬಲ್ಲಿನಲ್ಲಿ ನಮೂದಿಸಿದ ಅವಧಿಗೆ ಸರಿಯಾಗಿ ಪರೀಕ್ಷೆ ಮಾಡಿಸಬೇಕು. ಒಮ್ಮೆ ಸ್ವಲ್ಪವೇ ಬಳಸಿದರೂ ಮತ್ತೆ ತುಂಬಿಸಬೇಕು. ಕವಾಟದಲ್ಲಿ ಸಿಕ್ಕಿಕೊಂಡ ಪುಡಿಯಿಂದಾಗಿ ಒತ್ತಡ ಸೋರಿಹೋಗುತ್ತದೆ. ಪುಡಿ ಬಿದ್ದ ಅಡುಗೆಯನ್ನು ಉಣ್ಣದೆ ಚೆಲ್ಲಿಬಿಡಬೇಕು.

ಸುಟ್ಟ ಗಾಯದ ಬಗ್ಗೆಯೂ ಹೇಳದೆ ಮುಗಿಸಲಾರೆ. ಅಂದು ಅಮ್ಮನವರ ಕೈಗೆ ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಕಾಫಿಪುಡಿ ತಂದರು. ಯಾವುದೂ ಬೇಡ. ಬಳೆ, ಉಂಗುರಗಳನ್ನು ತೆಗೆದು, ಹರಿಯುವ ತಣ್ಣನೆಯ ನೀರಿನಲ್ಲಿ ಇಪ್ಪತ್ತು ನಿಮಿಷ ಕೈಯನ್ನು ಹಿಡಿಯಬೇಕು. ಶುಚಿಯಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮಂಜುಗಡ್ಡೆಯನ್ನೂ ಇಡಬಾರದು. ನಮಗೆ ಅಂದು ಇದೂ ಗೊತ್ತಿರಲಿಲ್ಲ.

ಅಮ್ಮನವರ ಕೈಯ ಕಲೆ ಮಾಯಲಿಲ್ಲ. ಅದನ್ನು ಕಂಡಾಗಲೆಲ್ಲ ನನ್ನ ಮನಸ್ಸು ಒಂದು ವಿಷಯವನ್ನು ಚುಚ್ಚಿ ಹೇಳುತ್ತಿತ್ತು. ನಾವು ಗಂಡಸರು, ಅದರಲ್ಲೂ ನನ್ನಂತಹ ಗುರುಗಳು, ಮೂರು ಹೊತ್ತೂ ಉಣ್ಣುತ್ತೇವೆ. ಆದರೆ ಬೆಂಕಿಯ ಮುಂದೆ ನಿಲ್ಲುವವರ ಕ್ಷೇಮದ ಬಗ್ಗೆ ನಿರ್ಧಾರ ಕೈಗೊಳ್ಳುವಾಗ ಅವರನ್ನು ಒಂದು ಮಾತು ಕೇಳುವುದಿಲ್ಲ. ಕೇಳಿದ್ದರೆ ಅವರು ಆರು ಕಿಲೋದನ್ನು ಬೇಡವೆನ್ನುತ್ತಿದ್ದರು, ಕಚೇರಿಯ ಗೋಡೆಯನ್ನು ಬೇಡವೆನ್ನುತ್ತಿದ್ದರು, ಅದೇನು ಎತ್ತ ಎಂದು ಕೇಳಿ ಕಲಿತುಕೊಳ್ಳುತ್ತಿದ್ದರು. ಆ ದಿನ ಅವರ ಕೈ ಸುಟ್ಟದ್ದಕ್ಕೆ ನೀರೆರಚಿದ ಹುಡುಗನ ಅಜ್ಞಾನ ಕಾರಣವೆಂದು ಕೆಲವರು ಹೇಳಿದರು. ಕಾರಣ ಅವನಲ್ಲ. ಅವನಿಗೂ ಕಲಿಸಬೇಕಾದವನು ನಾನೇ ಆಗಿದ್ದೆ. ಆ ವರ್ಷದ ಗೋದಲಿಯ ಮುಂದೆ ನಾನು ಮಾಡಿದ ಪ್ರಾರ್ಥನೆ ಕ್ಷಮಾಪಣೆಯದೇ ಆಗಿತ್ತು.

ಆ ಮೇಲೆ ನಮ್ಮ ಶಾಲೆಯ ಸಿಲಿಂಡರುಗಳನ್ನು ಮತ್ತೆ ತುಂಬಿಸಿದೆವು. ಬಿಸಿಯೂಟದ ಅಡುಗೆಯವರೂ ಶಿಕ್ಷಕರೂ ದೊಡ್ಡ ಮಕ್ಕಳೂ ಒಬ್ಬೊಬ್ಬರಾಗಿ ಅಂಗಳದಲ್ಲಿ ನಿಂತು ಬಳಸಲು ಕಲಿತರು. ಮುಚ್ಚಳ ಜಾರಿಸುವುದನ್ನು ಕಲಿಸಿದವರು ಅಮ್ಮನವರೇ.

ವರ್ಗಾವಣೆಯಾಗಿ ನಾನು ಆ ಊರನ್ನು ಬಿಟ್ಟು ವರ್ಷಗಳಾದವು. ಈಚೆಗೆ ಆ ದಾರಿಯಲ್ಲಿ ಹೋಗುವಾಗ ಅಮ್ಮನವರ ಮನೆಗೆ ಹೋಗಿದ್ದೆ. ಈಗ ಅವರು ಕೆಲಸ ಬಿಟ್ಟಿದ್ದಾರೆ; ಮಗನ ಮನೆಯಲ್ಲಿ ಸೊಸೆ ಅಡುಗೆ ಮಾಡುತ್ತಾರೆ. ಕಾಫಿ ತರುವವರೆಗೆ ಕಾಯದೆ ನಾನೇ ಅಡುಗೆಮನೆಯ ಬಾಗಿಲಿಗೆ ಹೋದೆ. ಒಲೆಯ ಎಡಕ್ಕೆ ಒಂದು ಮೊಳೆ, ಅದಕ್ಕೆ ತೂಗುಹಾಕಿದ ಅಗಲವಾದ ಮುಚ್ಚಳ. ಹಿತ್ತಲ ಬಾಗಿಲ ಬಳಿ, ಎದೆಮಟ್ಟಕ್ಕೆ, ಎರಡು ಕಿಲೋದ ಕೆಂಪು ಸಿಲಿಂಡರು. ಮುಳ್ಳು ಹಸಿರಿನಲ್ಲಿತ್ತು.

ನಾನು ಏನನ್ನೂ ಕೇಳುವ ಮೊದಲೇ ಅವರು ಹಿಂದಿನಿಂದ ಹೇಳಿದರು: “ಸೊಸೆಯ ಕೈಯಲ್ಲಿ ಎತ್ತಿಸಿ ನೋಡಿಯೇ ತಂದದ್ದು, ಸ್ವಾಮಿ.”